ಬಾಗಿಲ ಬಲಗಡೆ

ನಮ್ಮ ಆಫೀಸಿನಲ್ಲಿ ಬಾಗಿಲು ಜರುಗಿಸಿದವರಿಗೆ ಬೈಗುಳ ತಪ್ಪಿದ್ದಲ್ಲ. ನಿಜವಾದ ಬಾಗಿಲಲ್ಲ, ಕಂಪ್ಯೂಟರಿನೊಳಗಿನದು. ಹೊಳೆಬದಿಯ ಈ ಮಲಬೋನ್ ಊರಿನಲ್ಲಿ ನಾವು ಹಳೆಯ ಕಟ್ಟಡಗಳ ಮಾಡೆಲ್ ಮಾಡುವವರು. ಯಾರಿಗೋ ಮನೆಯ ಮೇಲೊಂದು ಮಹಡಿ ಸೇರಿಸಬೇಕು, ಇನ್ಯಾರಿಗೋ ಶಾಲೆಯ ನೆಲ ಎತ್ತರಿಸಬೇಕು. ಮೊದಲು ಈಗಿರುವ ಕಟ್ಟಡವನ್ನು ಗೋಡೆ, ಕಂಬ, ಕಿಟಕಿ ಸಮೇತ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುತ್ತೇವೆ. ಆಮೇಲೆ ಯಾವುದು ಉಳಿಯುವುದು, ಯಾವುದು ಒಡೆಯುವುದು, ಯಾವುದು ಹೊಸದು ಎಂದು ಒಂದೊಂದು ತುಂಡಿಗೂ ಗುರುತು ಹಾಕುತ್ತೇವೆ. ಆ ಮಾಡೆಲಿನಲ್ಲಿ ಬಾಗಿಲೊಂದನ್ನು ಹಿಡಿದು ಎಳೆದರೆ ಅದು ಗೋಡೆಯುದ್ದಕ್ಕೂ ಸುಮ್ಮನೆ ಜಾರುತ್ತದೆ. ಮೊದಲಿದ್ದ ತೂತನ್ನು ಗೋಡೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಲ್ಲೊಂದು ಬಾಗಿಲಿತ್ತು ಅನ್ನುವುದಕ್ಕೆ ಒಂದು ಗೀರೂ ಉಳಿಯುವುದಿಲ್ಲ.

ಇದನ್ನು ಕಂಡರೆ ಆತೆ ಮೆರಿಂಗ್‌ಗೆ ಮೈಯೆಲ್ಲ ಉರಿಯುತ್ತಿತ್ತು.

"ಹಳೇ ಬಾಗಿಲನ್ನ ಎಳೀಬೇಡ್ರೋ ಅಂತ ಎಷ್ಟು ಸಲ ಬಡ್ಕೊಳ್ಳಿ? ಅದಕ್ಕೆ ಒಡೆದದ್ದು ಅಂತ ಗುರುತು ಹಾಕು, ಹೊಸದನ್ನ ಬೇರೆ ಇಡು. ಗೋಡೆಗೆ ಗಾಯ ಆಗಿದ್ರೆ ಗಾಯ ಕಾಣ್ಬೇಕು."

"ಮನೆಯವ್ರಿಗೆ ಗಾಯ ಯಾಕೆ ಬೇಕು ಆತೆ? ಬಾಗಿಲು ಇದ್ರೆ ಸಾಕು," ಎಂದಿದ್ದೆ ಒಮ್ಮೆ.

"ನಿನ್ನ ಬಾಯಿಗೊಂದು ಬಾಗಿಲು ಹಾಕಿಸ್ಕೋ ತೇಬನ್. ಅದನ್ನ ಬೇಕಾದ್ರೆ ಕಿವಿವರೆಗೂ ಎಳ್ಕೋ."

ಅವಳ ಪೂರ್ತಿ ಹೆಸರು ಎಮೆರೆನ್ಸಿಯಾನಾ ಸಕ್ದಾಲನ್. ಅಷ್ಟುದ್ದ ಕರೆಯುವಷ್ಟರಲ್ಲಿ ಹೊಳೆ ಉಕ್ಕಿ ಮನೆಯೊಳಗೆ ಬಂದಿರುತ್ತದೆ ಎಂದು ಬಲೆ ಹೆಣೆಯುತ್ತಿದ್ದ ಅವಳ ಅಪ್ಪನೇ ನಗುತ್ತಿದ್ದರಂತೆ. ಹಾಗಾಗಿ ಮೆರಿಂಗ್. ವಯಸ್ಸಿನಲ್ಲಿ ನಮಗೆಲ್ಲ ಅಕ್ಕ, ಅದಕ್ಕೆ ಆತೆ. ಯಜಮಾನಿ ಗಾತ್ದುಲಾ ಆರ್ಕಿಟೆಕ್ಟ್, ನಾವು ಅವರನ್ನು ಆರ್ಕಿ ಅನ್ನುತ್ತೇವೆ. ಆ ಆರ್ಕಿಗೂ ಅವಳು ಆತೆಯೇ.

ಅವಳ ವಶದಲ್ಲಿದ್ದದ್ದು 'ಇರುವುದು' ಎಂಬ ಫೈಲು. ಹೊಸ ಮಹಡಿ ಎಬ್ಬಿಸುವವರು, ನೀರಿನ ಕೊಳವೆ ಹಾಯಿಸುವವರು, ಕಂಬದ ಲೆಕ್ಕ ಹಾಕುವ ಎಂಜಿನಿಯರು, ಎಲ್ಲರೂ ತಮ್ಮ ತಮ್ಮ ಫೈಲುಗಳನ್ನು ಅದರ ಮೇಲೆ ಕೂರಿಸಿಕೊಂಡು ಕೆಲಸ ಮಾಡಬೇಕು. ಅದಕ್ಕೆ ಕೈ ಹಾಕುವಂತಿಲ್ಲ. ಇದ್ದದ್ದನ್ನು ಅಳಿಸಬಾರದು, ಒಡೆದದ್ದು ಎಂದು ಗುರುತು ಹಾಕಿ ಉಳಿಸಬೇಕು ಅನ್ನುವುದು ಅವಳ ಒಂದು ಕಾನೂನು. ಅಳೆಯದ್ದನ್ನು ಸೇರಿಸಬಾರದು, ಯಾರೇ ಹೇಳಲಿ, ಅನ್ನುವುದು ಇನ್ನೊಂದು. ಪ್ರತಿ ಗೋಡೆಗೂ ಪ್ರತಿ ಕಂಬಕ್ಕೂ 'ಅಳೆದವರು' ಎಂದು ಹೆಸರು ತುಂಬುವ ಮನೆಯೊಂದನ್ನು ಮಾಡಿಟ್ಟಿದ್ದಳು. ಅಲ್ಲಿ ಹೆಸರಿಲ್ಲದಿದ್ದರೆ ಆ ಗೋಡೆ ಫೈಲಿನಿಂದ ಆಚೆ.

ಒಮ್ಮೆ ನಾನು ಒಂದು ಮನೆಯ ಕಕ್ಕಸು ಗುಂಡಿಯನ್ನು ಮನೆಯ ಯಜಮಾನ ಹೇಳಿದ ಜಾಗದಲ್ಲಿ ಹಾಕಿಬಿಟ್ಟಿದ್ದೆ. ಅವಳು ನೋಡಿ, "ಯಾರು ಅಳೆದದ್ದು?" ಎಂದಳು. ಯಜಮಾನರೇ ಕೈ ಮಾಡಿ ತೋರಿಸಿದರು ಎಂದೆ.

"ಅವ್ರ ಹೆಂಡ್ತೀನ ಕೇಳಿದ್ಯಾ?"

"ಇಲ್ಲ."

"ಕೇಳು. ಆವಮ್ಮ ಬೇರೆ ಜಾಗ ತೋರಿಸ್ತಾಳೆ. ಅತ್ತೆ ಇದ್ರೆ ಇನ್ನೊಂದು. ನೆನಪಿಗೆ ಕಾಲಿದೆ ತೇಬನ್, ಅದು ನಿಂತಲ್ಲಿ ನಿಲ್ಲಲ್ಲ."

ಹೋಗಿ ಕೇಳಿದೆ. ಆವಮ್ಮ ಬೇರೆ ಜಾಗವನ್ನೇ ತೋರಿಸಿದಳು. ಆ ವಾರವೆಲ್ಲ ಆಫೀಸಿನಲ್ಲಿ ನನಗೆ ಗುಂಡಿ ತೇಬನ್ ಎಂದೇ ಹೆಸರು. ತಿಂಡಿಗೆ ಬಂದ ಪಾನ್ಸಿತ್ ಶಾವಿಗೆಯನ್ನೂ ಆತೆ ನನಗೆ ಅಳತೆಪಟ್ಟಿ ಹಿಡಿದು ಬಡಿಸಿದಳು.

ಈ ಊರಿನಲ್ಲಿ ಅಂಥ ಫೈಲಿಗೆ ಅಂಥವಳೇ ಬೇಕಿತ್ತು. ಉಬ್ಬರ ಬಂದಾಗಲೆಲ್ಲ ಬೀದಿಗೆ ನೀರು. ನಗರಸಭೆ ಬೀದಿ ಎತ್ತರಿಸುತ್ತದೆ, ಆಗ ಮನೆ ತಗ್ಗಾಗುತ್ತದೆ. ಮನೆಯವರು ನೆಲಕ್ಕೆ ಮಣ್ಣು ತುಂಬಿ ಎತ್ತರಿಸುತ್ತಾರೆ, ಆಗ ಸೂರು ತಲೆಗೆ ತಾಗುತ್ತದೆ. ಸೂರು ಕಿತ್ತು ಮೇಲೆ ಕಟ್ಟುತ್ತಾರೆ. ಅಷ್ಟು ಹೊತ್ತಿಗೆ ಬೀದಿ ಮತ್ತೆ ಎತ್ತರವಾಗಿರುತ್ತದೆ. ನಮ್ಮ ಆಫೀಸಿನ ಕೆಳಕೋಣೆಗೆ ನಾನು ಇವತ್ತಿಗೂ ತಲೆ ಬಗ್ಗಿಸಿಯೇ ಹೋಗುವುದು. ನೆಲದ ಕೆಳಗೆ ಹಳೆಯ ನೆಲ, ಅದರ ಕೆಳಗೆ ಇನ್ನೊಂದು. ಇದರಲ್ಲಿ 'ಇರುವುದು' ಯಾವುದು ಎಂದು ಬೇರೆ ಊರಿನವರು ಕೇಳಿದರೆ ನನಗೆ ನಗು ಬರುತ್ತದೆ.

ಆತೆಗೊಬ್ಬಳು ಮಗಳಿದ್ದಳು, ಜೊನಲಿನ್. ಆಗಿನ್ನೂ ಆತೆ ಸರ್ವೆಯವರೊಬ್ಬರ ಬಳಿ ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲ. ಗಂಡ ಹಡಗಿನವನು. ಮಗುವನ್ನು ಬಿಡಲು ಜಾಗವಿಲ್ಲದೆ ಜೊತೆಗೇ ಕರೆದೊಯ್ಯುತ್ತಿದ್ದಳು. ಅಳತೆಪಟ್ಟಿಯ ತುದಿ ಹಿಡಿದುಕೊಳ್ಳುವುದು ಆ ಮಗುವಿನ ಕೆಲಸ. ತುದಿಯನ್ನು ಗೋಡೆಗೆ ಒತ್ತಿ ಹಿಡಿದು, "ಆಯ್ತಾ ಅಮ್ಮ?" ಎಂದು ಕೇಳುವುದು, ಆಯ್ತು ಅನ್ನುವವರೆಗೂ ಅಲ್ಲಾಡದೆ ನಿಲ್ಲುವುದು. ಒಂದು ಮಳೆಗಾಲ ಡೆಂಗಿ ಜ್ವರ ಬಂತು. ಬೀದಿಯಲ್ಲೆಲ್ಲ ನೀರು. ದೋಣಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರೂ ಮಗು ಉಳಿಯಲಿಲ್ಲ. ಇಷ್ಟನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ಪೆನ್ಸಿಲ್ ಕೆತ್ತುತ್ತ, ಮುಖ ಎತ್ತದೆ.

ಊರ ಸ್ಮಶಾನದಲ್ಲಿ ಶವ ಇಡುವ ಗೋಡೆಯ ಗೂಡುಗಳು ಬಾಡಿಗೆಯವು. ಅವಧಿ ಮುಗಿದರೆ ಎಲುಬುಗಳನ್ನು ತೆಗೆದುಕೊಂಡು ಹೋಗಬೇಕು. ಆತೆ ಅವನ್ನು ತೊಳೆಸಿ, ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಹೊಳೆಬದಿಯ ಚರ್ಚಿಗೆ ತಂದಳು. ಚರ್ಚಿನ ಪಕ್ಕದ ಅಂಗಳಕ್ಕೆ ಮುಖ ಮಾಡಿದ ಗೋಡೆಯಲ್ಲಿ, ಅಂಗಳಕ್ಕೆ ತೆರೆಯುವ ಬಾಗಿಲಿನ ಬಲಗಡೆ, ಅಂಥ ಪೆಟ್ಟಿಗೆಗಳ ಗೂಡುಗಳಿದ್ದವು. ಎಲ್ಲಕ್ಕಿಂತ ಕೆಳಗಿನ ಸಾಲಿಗೆ ಆಗಾಗ ನೀರು ಬರುತ್ತಿದ್ದುದರಿಂದ ಅದು ಯಾರಿಗೂ ಬೇಡ. ಅವಳು ಅದನ್ನೇ ಹಿಡಿದಳು. ನೆಲದ ಮೇಲೆ ಕೂತರೆ ಮಗಳ ಹೆಸರು ನೇರ ಮುಖದೆದುರಿಗೆ ಬರುತ್ತಿತ್ತಂತೆ. ಪೆಟ್ಟಿಗೆ ಇಟ್ಟು ಗೂಡು ಮುಚ್ಚಿದ ದಿನ ಬಿದ್ದುಬಿಡಬಾರದೆಂದು ಅವಳು ಹಿಡಿದುಕೊಂಡು ನಿಂತದ್ದು ಆ ಬಾಗಿಲಿನ ಕಬ್ಬಿಣದ ಬಳೆಯನ್ನು.

ಅಷ್ಟರಲ್ಲಿ ಗಂಡ ಯಾವುದೋ ಬಂದರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಅವಳು ಕೊಲ್ಲಿ ದೇಶಕ್ಕೆ ದುಡಿಯಲು ಹೋದಳು. ಈ ಮಾಡೆಲಿನ ಕೆಲಸ ಕಲಿತದ್ದು ಅಲ್ಲೇ. ಬಹಳ ವರ್ಷಗಳ ಮೇಲೆ ತಿರುಗಿ ಬಂದು, ವಿಮಾನ ನಿಲ್ದಾಣದಿಂದ ನೇರ ಚರ್ಚಿಗೆ ಹೋದರೆ ಗೂಡುಗಳೇ ಇಲ್ಲ. ಅಂಗಳವನ್ನು ಮಣ್ಣು ತುಂಬಿ ಎತ್ತರಿಸಿದ್ದರು. ಮೇಲಿನ ಸಾಲುಗಳ ಪೆಟ್ಟಿಗೆಗಳನ್ನು ಚರ್ಚಿನ ಹಿಂಬದಿಯ ಹೊಸ ಗೋಡೆಗೆ ಸಾಗಿಸಿದ್ದರು. ಕೆಳಸಾಲು ನೀರಲ್ಲಿ, ಕೆಸರಲ್ಲಿ ಕೂತಿತ್ತು, ಅಲ್ಲಿದ್ದವರ ಮನೆಯವರೂ ಯಾರೂ ಸಿಗಲಿಲ್ಲ. ಮಲಗಿದವರು ಮಲಗಿರಲಿ ಎಂದು ಹಾಗೇ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿದ್ದರು. ಗೋಡೆಗೆ ನುಣ್ಣಗೆ ಗಾರೆ ಬಳಿದು ಬಣ್ಣ ಹೊಡೆದಿದ್ದರು. ಚರ್ಚಿನ ಕಾಗದಪತ್ರಗಳು ಒಂದು ಪ್ರವಾಹದಲ್ಲಿ ಹೋಗಿದ್ದವು. ಹಳೆಯ ಪಾದ್ರಿ ತೀರಿಕೊಂಡಿದ್ದರು.

ಆದರೆ ಬಾಗಿಲು ಇತ್ತು. ಅದೇ ನಾರಾ ಮರದ ಬಾಗಿಲು, ಅದೇ ಕಲ್ಲಿನ ಚೌಕಟ್ಟು, ಅದೇ ಕಬ್ಬಿಣದ ಬಳೆ. ಅವಳು ಬಳೆ ಮುಟ್ಟಿ, ಬಲಗಡೆಗೆ ಸರಿದು, ಸಿಮೆಂಟಿನ ಮೇಲೆ ಮೇಣದಬತ್ತಿ ಹಚ್ಚಿದಳು. ಅಂದಿನಿಂದ ಪ್ರತಿ ಭಾನುವಾರ ಹಾಗೆಯೇ. ಸತ್ತವರ ಹಬ್ಬದ ದಿನ ಊರೆಲ್ಲ ಚಾಪೆ, ಅನ್ನದ ಡಬ್ಬಿ ಹಿಡಿದು ಸ್ಮಶಾನಕ್ಕೆ ಹೋದರೆ ಇವಳು ಆ ಅಂಗಳಕ್ಕೆ. ನಾನೂ ಜೊತೆಗೆ ಹೋಗಿದ್ದೆ. ಸಿಮೆಂಟಿನ ಮೇಲೆ ಒಂದು ಕಡೆ ಮೇಣದ ಕಲೆ ದಪ್ಪಗೆ ಕಟ್ಟಿತ್ತು. ಅಲ್ಲಿ ಕೂತು ಅವಳು ನೆಲವನ್ನು ಅಂಗೈಯಿಂದ ತಟ್ಟುತ್ತಿದ್ದಳು, ಮಗುವಿನ ಬೆನ್ನು ತಟ್ಟುವ ಹಾಗೆ.

ಆ ಚರ್ಚಿನ ಕೆಲಸವೇ ನಮ್ಮ ಆಫೀಸಿಗೆ ಬಂತು. ನೆಲ ಇನ್ನೊಮ್ಮೆ ಎತ್ತರಿಸಬೇಕು, ಅಂಗಳದಲ್ಲಿ ಚರ್ಚಿಗೆ ಅಂಟಿಕೊಂಡಂತೆ ಒಂದು ಸಭಾಂಗಣ ಸೇರಿಸಬೇಕು, ಪ್ರವಾಹ ಬಂದಾಗ ಜನ ಮೇಲೆ ಹತ್ತಿ ಮಲಗುವುದಕ್ಕೆ. ಮೂರು ಕಾಲಿನ ಲೇಸರ್ ಯಂತ್ರವನ್ನು ಅಂಗಳದ ನಡುವೆ ನಿಲ್ಲಿಸಿದೆವು. ಅದು ತಿರುಗಿ ತಿರುಗಿ ಕಂಡದ್ದನ್ನೆಲ್ಲ ಅಳೆಯಿತು. ಸಿಮೆಂಟಿನ ಕೆಳಗೆ ಅದಕ್ಕೆ ಕಣ್ಣಿಲ್ಲ, ಗಾರೆಯ ಹಿಂದೆಯೂ ಇಲ್ಲ. ಆತೆ ತನ್ನ ಫೈಲನ್ನು ಎಂದಿನ ಹಾಗೆ ಕಟ್ಟಿದಳು. ಬಾಗಿಲನ್ನು ಕೂರಿಸಿದಳು. ಅದರ ಬಲಗಡೆ ಏನೂ ಇಡಲಿಲ್ಲ. ಕಾನೂನು ಕಾನೂನೇ.

ಆಮೇಲೆ ಎಂಜಿನಿಯರ ಫೈಲು ಬಂತು. ಅವರ ಕಂಬಗಳನ್ನು ನಮ್ಮ ಮಾಡೆಲಿನ ಮೇಲೆ ಕೂರಿಸಿದರೆ ಒಂದು ಕಂಬ ಬಾಗಿಲ ಬಲಗಡೆಗೇ ಬಂದು ನಿಂತಿತು. ಪಕ್ಕದ ಮೇಜಿನಲ್ಲಿ ನಾನಿದ್ದೆ. ಅವಳು ಕೈಗಳೆರಡನ್ನೂ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಳು. ಕಾಫಿ ಆರಿತು. ಕೊನೆಗೆ ಎದ್ದು ಆರ್ಕಿಯ ಮೇಜಿಗೆ ಹೋದಳು.

"ಆರ್ಕಿ, ಆ ಬಲಗಡೆ ಕಂಬ ಅಲ್ಲಿ ಬರೋ ಹಾಗಿಲ್ಲ."

"ಯಾಕೆ ಆತೆ? ನಿಮ್ಮ ಫೈಲಲ್ಲಿ ಅಲ್ಲಿ ಏನೂ ಇಲ್ವಲ್ಲ."

"ನನ್ನ ಮಗಳಿದಾಳೆ."

ಆರ್ಕಿ ಪೆನ್ನು ಕೆಳಗಿಟ್ಟರು. ಮಗು ಹೋಗಿತ್ತೆಂದು ಅವರಿಗೆ ಗೊತ್ತಿತ್ತು, ಎಲ್ಲಿದೆ ಎಂದು ಗೊತ್ತಿರಲಿಲ್ಲ. ಆತೆ ನಿಂತುಕೊಂಡೇ ಎಲ್ಲ ಹೇಳಿದಳು.

"ಹಾಗಾದ್ರೆ ಫೈಲಿಗೆ ಹಾಕಿ ಆತೆ. ಮಾಡೆಲಲ್ಲಿ ಕಾಣದೇ ಇದ್ರೆ ಎಂಜಿನಿಯರ್ ಕಂಬ ಅಲ್ಲಾಡಿಸಲ್ಲ."

"ಅಳತೆ ಇಲ್ಲ ಆರ್ಕಿ. ಬರೀ ನೆನಪು."

"ತಾಯಿ ನೆನಪು ಅದು. ಸಾಲದಾ?"

"ಹುಡುಗ್ರಿಗೆ ನಾನು ಹಾಗೆ ಹೇಳಿಕೊಟ್ಟಿಲ್ಲ."

ಅಗೆದು ನೋಡೋಣವೆಂದು ಆರ್ಕಿ ಚರ್ಚಿಗೆ ಹೋಗಿ ಕೇಳಿದರು. ಗೂಡು ತೆರೆಯಬೇಕಾದರೆ ಆ ಸಾಲಿನ ಎಲ್ಲ ಮನೆಯವರ ಒಪ್ಪಿಗೆ ಬೇಕು, ಆರೋಗ್ಯ ಕಚೇರಿಯ ಕಾಗದ ಬೇಕು, ಬಿಷಪ್ಪರ ಅಪ್ಪಣೆ ಬೇಕು. ಹೊಸ ಪಾದ್ರಿ ಒಳ್ಳೆಯವರು. ಮಲಗಿದವರನ್ನು ಎಬ್ಬಿಸುವುದು ಬೇಡ, ಪಕ್ಕಕ್ಕೆ ಸರಿದು ಕಟ್ಟಿ ಎಂದರು. ಆತೆಗೂ ಅದೇ ಸರಿ ಅನ್ನಿಸಿತು. ಮಗುವನ್ನು ಮತ್ತೊಮ್ಮೆ ಎತ್ತಿ ಸಾಗಿಸುವ ಶಕ್ತಿ ತನಗಿಲ್ಲ ಎಂದಳು.

ಕೊನೆಗೆ ನೆನಪಿನ ಮೇಲೆಯೇ ಆ ಕೆಳಸಾಲನ್ನು ಬರೆಯುವುದಕ್ಕೆ ಅವಳಿಗೆ ಇಡೀ ದಿನ ಹಿಡಿಯಿತು. ನನಗಾದರೆ ಚಹಾ ಆರುವಷ್ಟು ಹೊತ್ತಿನ ಕೆಲಸ. 'ನೆಲ ಎತ್ತರಿಸುವ ಮುಂಚೆ' ಎಂದು ಹೊಸದೊಂದು ಹಂತ ಮಾಡಿ, ಬಾಗಿಲ ಬಲಗಡೆ, ಸಿಮೆಂಟಿನ ಕೆಳಗೆ, ಆ ಪುಟ್ಟ ಗೂಡುಗಳನ್ನು ಒಂದರ ಪಕ್ಕ ಒಂದು ಇಟ್ಟಳು. 'ಅಳೆದವರು' ಎಂಬ ಮನೆಯನ್ನು ಖಾಲಿ ಬಿಟ್ಟಳು. ಅವಳ ಫೈಲಿನಲ್ಲಿ ಆ ಮನೆ ಖಾಲಿ ಇದ್ದದ್ದು ಅದೊಂದಕ್ಕೇ. ಎಂಜಿನಿಯರು ನೋಡಿ, ತಕರಾರು ಮಾಡದೆ, ಕಂಬವನ್ನು ಬಾಗಿಲಿನ ಎಡಗಡೆಗೆ ಒಯ್ದರು.

ಭೂಮಿಗೆ ಯಂತ್ರ ಇಳಿಸುವ ದಿನ ಬೆಳಿಗ್ಗೆ ನಕ್ಷೆಗಳನ್ನು ಹಿಡಿದು ನಾನೂ ಅಂಗಳದಲ್ಲಿದ್ದೆ. ಆತೆ ಸಂಪಗೀತಾ ಹೂವಿನ ಸರ, ಮೇಣದಬತ್ತಿ ತಂದಿದ್ದಳು. ನೆಲ ಕೊರೆಯುವ ದೊಡ್ಡ ತಿರುಪು ಬಾಗಿಲಿನ ಎಡಗಡೆ ಇಳಿಯುತ್ತಿತ್ತು. ಅವಳು ಬಲಗಡೆ, ಆ ಮೇಣದ ಕಲೆಯ ಹತ್ತಿರ, ಯಂತ್ರಕ್ಕೆ ಬೆನ್ನು ಮಾಡಿ ನಿಂತಿದ್ದಳು. ಮೇಸ್ತ್ರಿ ಮಾಂಗ್ ಆಂಬೊ ಹೋಗಿ, "ಆತೆ, ಧೂಳು ಬರುತ್ತೆ, ಆಚೆ ನಿಂತ್ಕೊಳ್ಳಿ," ಎಂದರು.

"ಪರವಾಗಿಲ್ಲ ಮಾಂಗ್ ಆಂಬೊ. ಸದ್ದಿಗೆ ಮಗು ಬೆಚ್ಚಬಾರದು ನೋಡಿ, ಇಲ್ಲೇ ಇರ್ತೀನಿ."

ತಿರುಪು ಕೆಸರು ತಂದಿತು, ಕಪ್ಪೆಚಿಪ್ಪು ತಂದಿತು, ಇಟ್ಟಿಗೆ ಚೂರು ತಂದಿತು. ಆಮೇಲೆ ಏನೋ ಬಿಳಿ. ಮಾಂಗ್ ಆಂಬೊ ಕೈ ಎತ್ತಿದರು, ಯಂತ್ರ ನಿಂತಿತು. ಅವರು ಬಗ್ಗಿ ಆ ಬಿಳಿ ತುಂಡನ್ನು ಬಕೆಟಿನ ನೀರಿನಲ್ಲಿ ಅದ್ದಿ ತೊಳೆದರು, ನೋಡಿದರು, ನನ್ನ ಕೈಗೆ ಕೊಟ್ಟರು. ಅಮೃತಶಿಲೆಯ ಚೂರು. ಅದರಲ್ಲಿ ಒಂದು ಹೆಸರಿನ ಬಾಲ ಮಾತ್ರ ಉಳಿದಿತ್ತು, 'ನಲಿನ್' ಎಂದು. ಅದನ್ನು ಎಲ್ಲಿ ಬಚ್ಚಿಡಲಿ ಎಂದು ನಾನು ಮೂರ್ಖನ ಹಾಗೆ ಜೇಬು ಹುಡುಕಿದೆ.

ಸದ್ದು ನಿಂತದ್ದಕ್ಕೆ ಅವಳು ತಿರುಗಿದಳು. ನನ್ನ ಮುಖ ನೋಡಿ ನಡೆದು ಬಂದಳು, ಕೈ ಚಾಚಿದಳು. ಕೊಡದೆ ವಿಧಿಯಿರಲಿಲ್ಲ. ಆ ಚೂರನ್ನು ಹೆಬ್ಬೆರಳಿನಿಂದ ಒರೆಸಿ ಓದಿಕೊಂಡಳು. ನಾನು ಅವಳ ತೋಳು ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದಳು.

"ಮಾಂಗ್ ಆಂಬೊ, ಈ ಗುಂಡಿಯಿಂದ ಇನ್ನೂ ಎಡಕ್ಕೆ ಅಗೀರಿ. ಕೈಯಲ್ಲಿ."

ಅವರ ಆಳುಗಳು ಸಿಮೆಂಟು ಒಡೆದು ಗುದ್ದಲಿ ಹಾಕಿದರು. ನೀರು ಒಸರುತ್ತಲೇ ಇತ್ತು, ಬಕೆಟಿನಲ್ಲಿ ಎತ್ತುತ್ತ ಅಗೆದರು. ಕೊನೆಗೆ ಮಾಂಗ್ ಆಂಬೊ ಕೆಳಗಿನಿಂದ ಕೂಗಿದರು.

"ಇಲ್ಲೊಂದು ಹೊಸ್ತಿಲಿದೆ ಆತೆ. ಸವೆದ ಕಲ್ಲು. ಇಲ್ಲಿ ಬಾಗಿಲಿತ್ತು."

ಅವಳು ಆ ಹೊಸ್ತಿಲನ್ನು ನೋಡಿದಳು. ಆಮೇಲೆ ತಲೆಯೆತ್ತಿ, ದೂರದಲ್ಲಿ ನುಣುಪು ಗೋಡೆಯಲ್ಲಿ ನಿಂತಿದ್ದ ತನ್ನ ಬಾಗಿಲನ್ನು ನೋಡಿದಳು.

"ಬಾಗಿಲನ್ನ ಎಳೆದಿದಾರೆ," ಎಂದಳು.

ಅಷ್ಟು ಹೇಳಿ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತಳು.

ಆಗಿದ್ದದ್ದು ಇಷ್ಟೇ. ಹಿಂದಿನ ಸಲ ನೆಲ ಎತ್ತರಿಸಿದಾಗ ಒಳಗಡೆ ಆ ಬಾಗಿಲಿಗೆ ಅಡ್ಡವಾಗಿ ಮೆಟ್ಟಿಲು ಬಂದಿದೆ. ಹಳೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಗೂಡುಗಳ ಸಾಲನ್ನೂ ದಾಟಿಸಿ, ಅದರ ಬಲಕ್ಕೆ ಹೊಸ ತೂತು ಕೊರೆದು ಕೂರಿಸಿದ್ದಾರೆ. ಹಳೆಯ ತೂತಿಗೆ ಇಟ್ಟಿಗೆ ತುಂಬಿ ಗಾರೆ ಬಳಿದಿದ್ದಾರೆ. ಒಳ್ಳೆಯ ಮರವನ್ನು ಯಾರು ಬಿಸಾಡುತ್ತಾರೆ? ನಮ್ಮ ಊರಿನಲ್ಲಿ ಯಾರೂ ಬಿಸಾಡುವುದಿಲ್ಲ. ಹಾಗಾಗಿ ಬಾಗಿಲಿನ ಬಲಗಡೆ ಇದ್ದ ಮಗು ಬಾಗಿಲಿನ ಎಡಗಡೆ ಆಗಿತ್ತು. ಆ ಗಾರೆ ಬಳಿದವನು ಯಾರೋ ನನಗೆ ಗೊತ್ತಿಲ್ಲ. ಅವನ ಕೈಕೆಲಸ ಸ್ವಲ್ಪ ಕೆಟ್ಟದಾಗಿದ್ದರೆ, ಒಂದು ಬಿರುಕು ಬಿಟ್ಟಿದ್ದರೆ, ಆತೆಯ ಕಣ್ಣಿಗೆ ಅದು ತಪ್ಪುತ್ತಿರಲಿಲ್ಲ. ಇವತ್ತಿಗೂ ನುಣ್ಣನೆಯ ಗಾರೆ ಕಂಡರೆ ನನಗೆ ಸಿಟ್ಟು ಬರುತ್ತದೆ.

"ನಾನೇ ತೋರಿಸ್ಕೊಟ್ಟೆ ತೇಬನ್," ಎಂದಳು ಆತೆ. "ಕಂಬ ಬಲಗಡೆಗೇ ಬಂದಿದ್ರೆ ಅವಳ ತಂಟೆಗೆ ಯಾರೂ ಹೋಗ್ತಿರಲಿಲ್ಲ. ನಾನು ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು."

ಅವಳು ಹೇಳಿದ್ದು ನಿಜವೇ ಆಗಿತ್ತು. ಆರ್ಕಿ ಬಂದು ಅವಳ ಪಕ್ಕ ಕೆಸರಿನಲ್ಲೇ ಕೂತು, ನಕ್ಷೆಗೆ ಸಹಿ ಹಾಕಿದವಳು ನಾನು, ತಪ್ಪು ನನ್ನದು ಎಂದರು. ಆತೆ ಅವರ ಕೈ ಸವರಿದಳು.

ಮಾಂಗ್ ಆಂಬೊ ಮತ್ತು ಅವರ ಆಳುಗಳು ಮಧ್ಯಾಹ್ನದ ಊಟ ಬಿಟ್ಟು ಆ ಕೆಸರನ್ನು ಮರಳು ಜರಡಿಯಲ್ಲಿ ಜಾಲಿಸಿದರು. ಸಿಕ್ಕಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿದರು. ಜೊನಲಿನ್ ಒಬ್ಬಳದಲ್ಲ, ಆ ಸಾಲಿನಲ್ಲಿ ಮಲಗಿದ್ದ ಬೇರೆಯವರದೂ ಕಲೆತುಹೋಗಿತ್ತು. ಯಾವುದು ಯಾರದು ಎಂದು ಹೇಳುವಂತಿರಲಿಲ್ಲ. ಪಾದ್ರಿ ಪ್ರಾರ್ಥನೆ ಹೇಳಿ, ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿಸಿ, ಹಿಂಬದಿಯ ಗೋಡೆಯ ಗೂಡಿನಲ್ಲಿರಿಸಿದರು. ಸಣ್ಣ ಸಣ್ಣ ಎಲುಬುಗಳನ್ನು ಕಂಡು ಆತೆ ಒಂದೊಂದನ್ನೂ ಮುಟ್ಟಿದಳು. ಯಾವುದನ್ನೂ ನನ್ನದು ಅನ್ನಲಿಲ್ಲ.

ಕೆಲವು ದಿನ ಅವಳು ಆಫೀಸಿಗೆ ಬರಲಿಲ್ಲ. ಅವಳ ಫೈಲನ್ನು ಯಾರೂ ಮುಟ್ಟಲಿಲ್ಲ, ಮುಟ್ಟಿ ಎಂದು ಆರ್ಕಿಯೂ ಹೇಳಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಪಾನ್‌ದೆಸಾಲ್ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು. ಎಲ್ಲರ ಮೇಜಿಗೂ ಒಂದೊಂದು ಇಟ್ಟು, ನನ್ನ ಕಡೆ ತಿರುಗಿ, "ಟೇಪ್ ತಗೋ," ಎಂದಳು.

"ಲೇಸರ್ ತರ್ಲಾ?"

"ಟೇಪ್ ಸಾಕು."

ಅಂಗಳದಲ್ಲಿ ಗುಂಡಿಯ ಸುತ್ತ ಹಗ್ಗ ಕಟ್ಟಿದ್ದರು. ಒಡೆಯದೆ ಉಳಿದಿದ್ದ ಗೂಡುಗಳ ಇಟ್ಟಿಗೆ ಅಂಚು ನೀರಿನೊಳಗೆ ಕಾಣುತ್ತಿತ್ತು. ಅವಳು ಹೊಸ್ತಿಲಿನ ಹತ್ತಿರ ನನ್ನನ್ನು ಕೂರಿಸಿ ಟೇಪಿನ ತುದಿ ಕೊಟ್ಟಳು.

"ಒತ್ತಿ ಹಿಡ್ಕೋ. ಆಯ್ತು ಅನ್ನೋವರೆಗೂ ಅಲ್ಲಾಡ್ಬೇಡ."

ನಾನು ಒತ್ತಿ ಹಿಡಿದೆ. ಅವಳು ಕೆಸರಿಗಿಳಿದು ಒಂದೊಂದು ಅಂಚನ್ನೂ ಅಳೆದು ಬರೆದುಕೊಂಡಳು. ಎಷ್ಟೋ ಹೊತ್ತು ಅವಳಿಂದ ಆಯ್ತು ಅನ್ನುವ ಮಾತು ಬರಲಿಲ್ಲ. ನನಗೆ ಕಣ್ಣು ತುಂಬಿ ಟೇಪಿನ ಅಂಕಿಯೇ ಕಾಣದಾಯಿತು. ಆದರೂ ಅಲ್ಲಾಡಲಿಲ್ಲ.

ಆಫೀಸಿಗೆ ಬಂದು ಫೈಲು ತೆರೆದಳು. ಬಾಗಿಲ ಬಲಗಡೆ ತಾನು ಹಿಂದೆ ಇಟ್ಟಿದ್ದ ಗೂಡುಗಳನ್ನು ಒಂದೊಂದಾಗಿ ಅಳಿಸಿದಳು. ಅವಳು ಅಳಿಸಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. ತಡೆಯಲಾಗದೆ ಕೇಳಿದೆ.

"ಅಳಿಸ್ತಿದೀಯಾ ಆತೆ?"

"ಇದ್ದದ್ದನ್ನ ಅಳಿಸ್ಬಾರದು. ಅಲ್ಲಿ ಅವಳು ಇರಲೇ ಇಲ್ವಲ್ಲ. ಬರೀ ಮೇಣದಬತ್ತಿ ಇತ್ತು."

ಆಮೇಲೆ ಎಡಗಡೆ, ಈಗಷ್ಟೇ ಅಳೆದ ಜಾಗದಲ್ಲಿ, ಹಳೆಯ ಬಾಗಿಲನ್ನೂ ಹೊಸ್ತಿಲನ್ನೂ ಗೂಡುಗಳ ಸಾಲನ್ನೂ ಇಟ್ಟಳು. ಹಳೆಯ ಬಾಗಿಲಿಗೆ ಒಡೆದದ್ದು ಎಂದು ಗುರುತು ಹಾಕಿದಳು. ಒಂದು ಗೂಡಿನ ಮೇಲೆ ಬಂದು ಅವಳ ಕೈ ಸ್ವಲ್ಪ ಹೊತ್ತು ನಿಂತಿತು. ಅದಕ್ಕೂ ಒಡೆದದ್ದು ಎಂದು ಹಾಕಿದಳು. ಪರದೆಯ ಮೇಲೆ ಅದರ ಗೆರೆಗಳು ತುಂಡು ತುಂಡಾದವು, ಒಡೆದದ್ದನ್ನೆಲ್ಲ ನಾವು ತೋರಿಸುವುದು ಹಾಗೆಯೇ. 'ಅಳೆದವರು' ಎಂಬ ಮನೆಯಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು, ಎಮೆರೆನ್ಸಿಯಾನಾ ಸಕ್ದಾಲನ್ ಎಂದು.

"ಆಯ್ತು," ಎಂದಳು. "ಈಗ ಅಳತೆ ಇದೆ."